ಬೆಟ್ಟದ ಕೆರೆ, ಹೊಳೆಗಳಲ್ಲಿ ಟ್ರೌಟ್: ತಿಂಗಳನ್ನು ನೋಡಬೇಕೋ, ನೀರನ್ನು ನೋಡಬೇಕೋ?

ಪ್ರಶ್ನೆ: ಗಾಳದಕೋಲು

ಎಲ್ಲರಿಗೂ ನಮಸ್ಕಾರ.

ಮೂರು ವರ್ಷಗಳಿಂದ, ವರ್ಷಕ್ಕೊಂದು ಸಲ, ಸುಮಾರು 3,000 ಮೀಟರ್ ಎತ್ತರದಲ್ಲಿರುವ ಒಂದು ಕೆರೆಗೂ ಅದರ ಕೋಡಿಯಿಂದ ಇಳಿಯುವ ಹೊಳೆಗೂ ಟ್ರೌಟ್ ಹಿಡಿಯಲು ಹೋಗುತ್ತಿದ್ದೇನೆ. ಕೆರೆಯಲ್ಲಿ ರೇನ್‌ಬೋ ಟ್ರೌಟ್ ಇವೆ. ಹೊಳೆಯಲ್ಲಿ ಬ್ರೌನ್ ಟ್ರೌಟ್ ಹೆಚ್ಚು. ಮೂರು ಸಲವೂ ನಾನು ತಪ್ಪು ಹೊತ್ತಿನಲ್ಲಿ ಹೋಗಿದ್ದೆನೆಂದೇ ಈಗ ತೋರುತ್ತದೆ.

ಮೊದಲ ವರ್ಷ ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ತಪ್ಪಲಿನಲ್ಲಿ ಗಿಡಗಳು ಹೂಬಿಟ್ಟಿದ್ದನ್ನು ಕಂಡು ಭರವಸೆಯಿಂದ ಹತ್ತಿದರೆ, ಮೇಲೆ ಕೆರೆಗೆ ಕೆರೆಯೇ ಮಂಜುಗಡ್ಡೆ ಹೊದ್ದುಕೊಂಡಿತ್ತು. ದಡದುದ್ದಕ್ಕೂ ಒಂದು ಮೊಳ ಅಗಲದ ನೀರು ಮಾತ್ರ ತೆರೆದಿತ್ತು. ಮರುವರ್ಷ ಮೂರು ವಾರ ತಡಮಾಡಿ ಹೋದೆ. ಗಡ್ಡೆ ಕರಗಿತ್ತು, ಆದರೆ ಹೊಳೆ ಉಕ್ಕಿ ಬಗ್ಗಡವಾಗಿತ್ತು. ಮೊಣಕಾಲುದ್ದದ ನೀರಿನಲ್ಲಿ ನಿಂತರೆ ನನ್ನ ಪಾದ ನನಗೇ ಕಾಣುತ್ತಿರಲಿಲ್ಲ. ಕಳೆದ ವರ್ಷ ಈ ಎರಡೂ ತೊಂದರೆ ಬೇಡವೆಂದು ಬೇಸಿಗೆಯ ನಡುವಿನಲ್ಲೇ ಹೊರಟೆ. ಮೇಲಿನ ಕೆರೆಯವರೆಗೆ ಹತ್ತದೆ, ಹೊಳೆ ಕಣಿವೆಗಿಳಿದು ಹರವಾಗುವ ಕಡೆ ಬಿಡಾರ ಮಾಡಿದೆ. ನೀರು ಗಾಜಿನಂತಿತ್ತು, ಮಡುವಿನಲ್ಲಿ ಮೀನುಗಳು ಸಾಲಾಗಿ ನಿಂತಿದ್ದವು, ಮತ್ತು ಒಂದೂ ನನ್ನ ಗಾಳದತ್ತ ತಿರುಗಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಕಚ್ಚಿದ ಒಂದೇ ಒಂದು ಬ್ರೌನ್ ಟ್ರೌಟನ್ನು ಸಾಕಷ್ಟು ಹೊತ್ತು ಆಡಿಸಿ ದಡಕ್ಕೆ ತಂದು, ಗಾಳ ಬಿಡಿಸಿ, ನೀರಿಗೆ ಬಿಟ್ಟೆ. ಅದು ಈಜಿಕೊಂಡು ಹೋಗಲಿಲ್ಲ. ಪಕ್ಕಕ್ಕೆ ವಾಲಿತು, ಕಿವಿರು ಎರಡು ಮೂರು ಸಲ ಅಗಲವಾಗಿ ತೆರೆದು ಮುಚ್ಚಿತು, ಆಮೇಲೆ ಸೆಳವು ಅದನ್ನು ಬಿಳಿಯ ಹೊಟ್ಟೆ ಮೇಲಾಗಿಸಿಕೊಂಡೇ ಕೊಂಡೊಯ್ದಿತು. ನಾನು ಅದನ್ನು ತಿನ್ನಲೆಂದು ಹಿಡಿದಿರಲಿಲ್ಲ. ಆ ದೃಶ್ಯ ಇನ್ನೂ ಕಣ್ಣಿನಿಂದ ಮಾಸಿಲ್ಲ.

ಬಲ್ಲವರಲ್ಲಿ ನನ್ನ ಪ್ರಶ್ನೆ ಇಷ್ಟು. ಇಂಥ ಎತ್ತರದ ನೀರಿನಲ್ಲಿ ಟ್ರೌಟಿಗೆ ಒಳ್ಳೆಯ ಕಾಲವನ್ನು ಯಾವುದರಿಂದ ತಿಳಿಯಬೇಕು? ತಿಂಗಳನ್ನು ನಂಬಿ ಮೂರು ಸಲ ಸೋತಿದ್ದೇನೆ. ಆ ಮೀನು ಏಕೆ ಉಳಿಯಲಿಲ್ಲ?

ಉತ್ತರ: ತಣ್ಣೀರು

ತಾವು ಮೂರು ಸಲವೂ ತಿಂಗಳನ್ನು ನೋಡಿ ಹೋದಿರಿ. ಟ್ರೌಟು ನೋಡುವುದು ನೀರಿನ ಉಷ್ಣತೆಯನ್ನು. ಅದು ಶೀತರಕ್ತದ ಪ್ರಾಣಿಯಾದ್ದರಿಂದ ಅದರ ಹಸಿವು, ಚುರುಕು, ಉಸಿರಾಟ ಎಲ್ಲವೂ ಸುತ್ತಲಿನ ನೀರು ಎಷ್ಟು ಬೆಚ್ಚಗಿದೆಯೆಂಬುದರ ಮೇಲೆ ನಿಂತಿವೆ. ಒಂದೇ ಹೊಳೆಯಲ್ಲಿ ಒಂದೇ ದಿನ ಮೇಲಿನ ತೊರೆಯಲ್ಲಿ ವಸಂತ, ಕೆಳಗಿನ ಕಣಿವೆಯಲ್ಲಿ ಕಡುಬೇಸಿಗೆ ಇರಬಹುದು. ಎತ್ತರ 1,000 ಮೀಟರ್ ಏರಿದರೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ತಪ್ಪಲಿನ ಹೂಗಳನ್ನು ನಂಬಿ ಕೆರೆಗೆ ಹತ್ತಿದ್ದು ಮೊದಲ ವರ್ಷದ ತಪ್ಪಾಗಿದ್ದು ಈ ಕಾರಣದಿಂದಲೇ.

ನಾನು ಹೊಳೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಕೆರೆಯ ಲೆಕ್ಕವೇ ಬೇರೆ, ಅದನ್ನು ಬಲ್ಲವರು ಇಲ್ಲಿದ್ದಾರೆ. ಹೊಳೆಗೆ ಇಳಿಯುವ ಮುನ್ನ ಒಂದು ಸಾಧಾರಣ ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ, ನೆರಳಿರುವ ಕಡೆ, ಹರಿಯುವ ನೀರಿನಲ್ಲಿ ಎರಡು ನಿಮಿಷ ಮುಳುಗಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ದಡದ ನಿಂತ ನೀರಿನಲ್ಲಿ ಹಿಡಿದರೆ ಅದು ಸುಳ್ಳು ಹೇಳುತ್ತದೆ. ನೀರು 4 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಮೀನು ಮಡುವಿನ ತಳದಲ್ಲಿ ಜಡವಾಗಿ ನಿಂತಿರುತ್ತದೆ; ಮೂತಿಯ ಮುಂದೆಯೇ ಎರೆ ಹಾದುಹೋದರಷ್ಟೇ ಬಾಯಿ ತೆರೆದೀತು. ಏಳೆಂಟು ಡಿಗ್ರಿಗೆ ಬಂದಾಗ ಚುರುಕಾಗತೊಡಗುತ್ತದೆ. 10ರಿಂದ 16 ಡಿಗ್ರಿ ಅದಕ್ಕೆ ಹೇಳಿ ಮಾಡಿಸಿದ ನೀರು: ಹುಳುಗಳು ರೆಕ್ಕೆ ಬಿಚ್ಚುವುದೂ ಆಗಲೇ, ಮೀನು ಮೇಲೆದ್ದು ತಿನ್ನುವುದೂ ಆಗಲೇ. 18 ದಾಟಿದರೆ ಹಿಂಜರಿಕೆ ಶುರುವಾಗುತ್ತದೆ. 20 ದಾಟಿದರೆ ನಾನು ಕೋಲನ್ನು ಮಡಚಿಡುತ್ತೇನೆ. 25ರ ಸುಮಾರಿಗೆ ಅದು ಹೆಚ್ಚು ಹೊತ್ತು ಬದುಕಿರಲಾರದು.

ತಮ್ಮ ಮಡುವಿನ ಮೀನುಗಳು ಸಾಲಾಗಿ ನಿಂತಿದ್ದವೆಂದು ಬರೆದಿದ್ದೀರಿ. ಬಿಸಿಲುಗಾಲದಲ್ಲಿ ಮೀನು ಹಾಗೆ ಒತ್ತೊತ್ತಾಗಿ ಒಂದೇ ಕಡೆ ನಿಂತಿದ್ದರೆ ಅಲ್ಲಿ ತಳದಿಂದ ತಣ್ಣನೆಯ ಒರತೆ ಬರುತ್ತಿರಬಹುದು, ಇಲ್ಲವೇ ಪಕ್ಕದ ತಂಪು ತೊರೆ ಸೇರುತ್ತಿರಬಹುದು. ಅವು ಅಲ್ಲಿಗೆ ಬಂದಿರುವುದು ತಿನ್ನುವುದಕ್ಕಲ್ಲ, ಉಸಿರಾಡುವುದಕ್ಕೆ. ಅಂಥ ಮಡುವಿಗೆ ಗಾಳ ಹಾಕಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯ ವರ್ಷದ ಬಗ್ಗಡದ ನೀರಿನ ವಿಷಯಕ್ಕೆ ಬರೋಣ. ಹಿಮ ಕರಗಿ ಹೊಳೆ ಉಬ್ಬುವುದು ಕೆಲವು ವಾರಗಳ ಮಾತು, ಆದರೆ ಅದರೊಳಗೆ ದಿನದಿನದ ಒಂದು ಏರಿಳಿತವೂ ಇದೆ. ಹಿಮ ಹೆಚ್ಚು ಕರಗುವುದು ಮಧ್ಯಾಹ್ನದ ಬಿಸಿಲಿಗೆ. ರಾತ್ರಿ ಅದು ಮತ್ತೆ ಬಿಗಿಯುತ್ತದೆ. ಹೀಗಾಗಿ ಹಿಮದ ಹತ್ತಿರವಿರುವ ತೊರೆಗಳಲ್ಲಿ ಮುಂಜಾನೆ ನೀರು ಕಡಿಮೆ, ತಿಳಿಯೂ ಹೌದು; ಸಂಜೆ ಅದೇ ತೊರೆ ದಾಟಲಾಗದಷ್ಟು ತುಂಬಿರುತ್ತದೆ. ಕೆಳಗಿನ ಕಣಿವೆಗೆ ಆ ಮಧ್ಯಾಹ್ನದ ನೀರು ಬಂದು ಮುಟ್ಟುವಾಗ ರಾತ್ರಿಯೋ ಮರುದಿನದ ಬೆಳಗೋ ಆಗಿರುತ್ತದೆ; ಅಲ್ಲಿ ಮುಂಜಾನೆಯೇ ಕೆಟ್ಟ ಹೊತ್ತು. ಬೆಳಿಗ್ಗೆ ದಾಟಿದ ತೊರೆಯನ್ನು ಸಂಜೆ ಮರಳಿ ದಾಟಬಹುದೆಂದು ಎಣಿಸಿ ಆಚೆ ದಡಕ್ಕೆ ಹೋಗಬೇಡಿ. ನಾನು ಹಾಗೆ ಎಣಿಸಿ ಒಂದು ರಾತ್ರಿಯನ್ನು ಆಚೆ ದಡದ ಬಂಡೆಯ ಕೆಳಗೆ ಕಳೆದಿದ್ದೇನೆ.

ಹಿಮನದಿಯಿಂದ ಹುಟ್ಟುವ ಹೊಳೆಯಾದರೆ ಮಾತು ಬೇರೆ. ಹಿಮನದಿ ಬಂಡೆಯನ್ನು ಅರೆದ ಹಿಟ್ಟು ನೀರಿನಲ್ಲಿ ಬೆರೆತು, ಬೇಸಿಗೆಯುದ್ದಕ್ಕೂ ಅದು ಬೂದುಬಿಳುಪಾಗಿಯೇ ಹರಿಯುತ್ತದೆ. ತಿಳಿಯಾಗುವುದು ಚಳಿ ಹತ್ತಿರವಾದ ಮೇಲೆ. ತಮ್ಮ ಹೊಳೆ ಕೆರೆಯ ಕೋಡಿಯಿಂದ ಹೊರಡುವುದರಿಂದ ಹಾಗಿರಲಾರದು. ಬಗ್ಗಡ ಬಹುಶಃ ಕೋಡಿಯ ಕೆಳಗೆ ಸೇರುವ ಪಕ್ಕದ ತೊರೆಗಳದ್ದು. ಮುಂದಿನ ಸಲ ಅಂಥ ನೀರು ಕಂಡರೆ ಮರಳಿ ಹೋಗದೆ ಕೋಡಿಯವರೆಗೆ ಹತ್ತಿ ನೋಡಿ. ಮಣ್ಣು ಕೆರೆಯಲ್ಲೇ ತಂಗಿ ತಿಳಿನೀರು ಹೊರಬೀಳುವ ಆ ಮೊದಲ ಕೆಲವು ನೂರು ಮೀಟರಿನಲ್ಲಿ, ಇಡೀ ಕಣಿವೆ ರಾಡಿಯಾಗಿರುವಾಗಲೂ ಮೀನು ಸಿಕ್ಕೀತು.

ನೀರು ಏರುತ್ತಿರುವಾಗಿಗಿಂತ ಇಳಿಯುತ್ತಿರುವಾಗ ಹೋಗುವುದು ಮೇಲು. ಮುಳುಗಿದ ಕೈ ಮೊಣಕೈವರೆಗೆ ಕಾಣುವಷ್ಟು ತಿಳಿಯಾದರೆ ಸಾಕು. ಆಗ ಮೀನು ನಡುಹೊಳೆಯ ಸೆಳವನ್ನು ಬಿಟ್ಟು ದಡಕ್ಕೆ ಒತ್ತಿಕೊಂಡು, ಬೇರುಗಳ ಸಂದಿಯಲ್ಲಿ, ಬಂಡೆಯ ಹಿಂದಿನ ಸೌಮ್ಯ ನೀರಿನಲ್ಲಿ ನಿಂತಿರುತ್ತದೆ. ದಡದಿಂದ ಒಂದು ಮಾರು ದೂರಕ್ಕಿಂತ ಆಚೆ ಗಾಳ ಎಸೆಯುವ ಅಗತ್ಯವೇ ಬೀಳದು.

ಉತ್ತರ: ಮಡುವಿನಂಚು

ಕೆರೆಯ ಮಾತನ್ನು ನಾನು ಮುಂದುವರಿಸುತ್ತೇನೆ.

ಮೊದಲ ವರ್ಷ ತಾವು ಕಂಡ ಆ ಒಂದು ಮೊಳದ ತೆರೆದ ನೀರನ್ನು ಬಿಟ್ಟು ಬಂದಿರಲ್ಲ, ಅದಕ್ಕಾಗಿ ನನಗೆ ಮರುಕವಾಯಿತು. ಎತ್ತರದ ಕೆರೆಯಲ್ಲಿ ವರ್ಷದ ಅತ್ಯುತ್ತಮ ದಿನಗಳು ಅಲ್ಲಿಂದಲೇ ಆರಂಭವಾಗುತ್ತವೆ. ನೀರು ಅತಿ ಭಾರವಾಗಿರುವುದು ಸುಮಾರು 4 ಡಿಗ್ರಿಯಲ್ಲಿ. ಚಳಿಗಾಲದುದ್ದಕ್ಕೂ ಅದಕ್ಕಿಂತ ತಣ್ಣಗಿನ ಹಗುರ ನೀರು ಗಡ್ಡೆಯ ಕೆಳಗೆ ತೇಲುತ್ತದೆ, 4 ಡಿಗ್ರಿಯ ನೀರು ತಳದಲ್ಲಿ ಕೂರುತ್ತದೆ, ಮೀನು ಅದರಲ್ಲಿ ತಂಗಿರುತ್ತದೆ. ಗಡ್ಡೆ ಮೊದಲು ಬಿಡುವುದು ಅಂಚಿನಲ್ಲಿ, ಅದರಲ್ಲೂ ಬಿಸಿಲು ಬೀಳುವ ದಡದಲ್ಲಿ ಮತ್ತು ತೊರೆ ಬಂದು ಸೇರುವ ಬಾಯಿಯಲ್ಲಿ. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಮೀನು ಆ ಬೆಚ್ಚನೆಯ, ಮೊಣಕಾಲುದ್ದದ ನೀರಿಗೆ ಬಂದು ಅಂಚಿನುದ್ದಕ್ಕೂ ಸುತ್ತು ಹಾಕುತ್ತದೆ. ದಡದಲ್ಲಿ ಅಲುಗಾಡದೆ ಕುಳಿತು ಕಾದರೆ ಗಡ್ಡೆಯ ಅಂಚಿನ ಕೆಳಗಿನಿಂದ ಒಂದು ಕರಿಯ ನೆರಳು ಹೊರಬಂದು, ಎರಡು ಮೂರು ಕಲ್ಲುಗಳನ್ನು ದಾಟಿ, ಮತ್ತೆ ಗಡ್ಡೆಯ ಕೆಳಗೆ ಸೇರುವುದು ಕಾಣುತ್ತದೆ. ಕೆಲವು ನಿಮಿಷಗಳ ಬಳಿಕ ಅದೇ ದಾರಿಯಲ್ಲಿ ಮತ್ತೆ ಬರುತ್ತದೆ. ಅದು ಹೋದಾಗ ಗಾಳವನ್ನು ಆ ದಾರಿಯಲ್ಲಿ ಇಳಿಬಿಟ್ಟು ಕಾಯಬೇಕು, ಅದು ಬಂದಾಗ ಅದರ ತಲೆಯ ಮೇಲೆ ಎಸೆಯಬಾರದು.

ಆದರೆ ಗಡ್ಡೆಯ ಮೇಲೆ ಕಾಲಿಡಬೇಡಿ. ನಡುಚಳಿಗಾಲದ ಸ್ವಚ್ಛವಾದ ಗಟ್ಟಿ ಗಡ್ಡೆ 10 ಸೆಂಟಿಮೀಟರ್ ದಪ್ಪವಿದ್ದರೆ ನಡೆದಾಡುವ ಒಬ್ಬರನ್ನು ಹೊರುತ್ತದೆಂಬುದು ಸಾಮಾನ್ಯ ಅಳತೆ. ಕರಗುವ ಕಾಲದ ಕಪ್ಪಿಟ್ಟ, ಕಡ್ಡಿಕಡ್ಡಿಯಾಗಿ ಸೀಳಿದ ಗಡ್ಡೆಗೆ ಆ ಅಳತೆ ಸಲ್ಲುವುದಿಲ್ಲ, ಅದು ಎಷ್ಟೇ ದಪ್ಪವಾಗಿ ಕಂಡರೂ ಕುಸಿಯುತ್ತದೆ.

ಗಡ್ಡೆ ಪೂರ್ತಿ ಹೋದ ಮೇಲೆ ಮೇಲಿನ ನೀರೂ 4 ಡಿಗ್ರಿಗೆ ಬಂದಾಗ, ಮೇಲೆ ಕೆಳಗೆ ಒಂದೇ ತೂಕವಾಗಿ, ಗಾಳಿ ಬೀಸಿದರೆ ಇಡೀ ಕೆರೆ ಮಗುಚುತ್ತದೆ. ತಳಕ್ಕೆ ಹೊಸ ಆಮ್ಲಜನಕ ಇಳಿಯುತ್ತದೆ, ತಳದ ಸಾರ ಮೇಲೇರುತ್ತದೆ. ಅದಾಗಿ ಒಂದೆರಡು ವಾರ ಮೀನು ಎಲ್ಲೆಲ್ಲೂ ತಿನ್ನುತ್ತದೆ. ರೇನ್‌ಬೋ ಮೊಟ್ಟೆಯಿಡುವುದೂ ಇದೇ ಕಾಲದಲ್ಲಿ: ಒಳಹರಿವಿನ ತೊರೆಯಲ್ಲಿ, ಕೆಲವೊಮ್ಮೆ ಕೋಡಿಯ ನೊರಜುಗಲ್ಲಿನಲ್ಲಿ. ಅಲ್ಲಿ ಜೋಡಿಯಾಗಿ ನಿಂತ ಕೆಂಪು ಬದಿಯ ಮೀನುಗಳನ್ನು ಅವುಗಳ ಪಾಡಿಗೆ ಬಿಟ್ಟು ಅಂಚಿನಲ್ಲಿ ತಿರುಗುವವನ್ನು ಹುಡುಕುವುದು ಸರಿ.

ಬೇಸಿಗೆ ಬಲಿತಂತೆ ಆಳವಾದ ಕೆರೆಯಲ್ಲಿ ಬೆಚ್ಚನೆಯ ಮೇಲ್ಪದರ, ತಣ್ಣನೆಯ ತಳಪದರ ಬೇರೆಬೇರೆಯಾಗುತ್ತವೆ. ನಡುಹಗಲಿನಲ್ಲಿ ಮೀನು ಆ ಎರಡರ ನಡುವಿನ ಗಡಿಗೆ ಇಳಿದಿರುತ್ತದೆ. ಮುಂಜಾನೆ, ಮುಸ್ಸಂಜೆಗಳಲ್ಲಿ ಮೇಲೇರುತ್ತದೆ. ದಡದ ಕಲ್ಲುಹಾಸು ಮುಗಿದು ನೀರು ತಟ್ಟನೆ ಹಸಿರಿನಿಂದ ಕಡುನೀಲಿಗೆ ತಿರುಗುವ ಗೆರೆ ಕಾಣುತ್ತದಲ್ಲ, ಅದರ ಉದ್ದಕ್ಕೂ ಪ್ರಯತ್ನಿಸಿ. ಗಾಳಿ ಬೀಸುವ ದಿನ ಗಾಳಿಗೆ ಬೆನ್ನುಕೊಟ್ಟು ಎಸೆಯುವುದು ಕೈಗೆ ಸುಲಭ. ಆದರೆ ಇರುವೆ, ಜೀರುಂಡೆ, ನೊರಜುಗಳನ್ನೆಲ್ಲ ಗಾಳಿ ತಳ್ಳಿಕೊಂಡು ಹೋಗುವುದು ಎದುರು ದಡಕ್ಕೆ, ಮೀನು ಅವನ್ನು ಹಿಂಬಾಲಿಸುತ್ತದೆ. ಕಷ್ಟವಾದರೂ ಗಾಳಿ ಮುಖಕ್ಕೆ ಹೊಡೆಯುವ ದಡದಲ್ಲಿ ನಿಲ್ಲುವುದೇ ಲೇಸು.

ಉತ್ತರ: ಹೊಳೆದಂಡೆ

ಆ ಮೀನು ಏಕೆ ಸತ್ತಿತೆಂಬ ಪ್ರಶ್ನೆಗೆ ನೇರವಾದ ಉತ್ತರ ಇನ್ನೂ ಬಂದಿಲ್ಲವೆನಿಸಿತು. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ನೀರು ಒಂದು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 20 ಡಿಗ್ರಿಯಲ್ಲಿ ಅದು ಸುಮಾರು 9.1 ಮಿಲಿಗ್ರಾಂ. 3,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಸಮುದ್ರಮಟ್ಟದ ಏಳು ಹತ್ತಾಂಶದಷ್ಟಿರುವುದರಿಂದ, 20 ಡಿಗ್ರಿಯ ನೀರಿನಲ್ಲಿ ಉಳಿಯುವುದು ಆರು ಮಿಲಿಗ್ರಾಮಿಗೆ ತುಸು ಹೆಚ್ಚು, ಅಷ್ಟೇ. ನೀರು ಬೆಚ್ಚಗಾದಂತೆ ಮೀನಿನ ಮೈಗೆ ಬೇಕಾದ ಆಮ್ಲಜನಕ ಏರುತ್ತದೆ, ನೀರು ಕೊಡಬಲ್ಲದ್ದು ಇಳಿಯುತ್ತದೆ. ಆ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕಿ ಒದ್ದಾಡಿದ ಮೀನಿನ ಸ್ಥಿತಿ, ಉಸಿರುಕಟ್ಟಿದ ಕೋಣೆಯಲ್ಲಿ ಓಡಿದವನಂತೆ. ತಾವು ಬಹುಶಃ ಅದನ್ನು ಎತ್ತಿ ನೋಡಿಯೂ ಇರಬಹುದು. ಕಿವಿರು ಗಾಳಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಕೆಲಸ ಮಾಡುವುದಿಲ್ಲ.

ಹೊಳೆಯ ನೀರು ದಿನದಲ್ಲಿ ಅತಿ ಬೆಚ್ಚಗಿರುವುದು ಇಳಿಹೊತ್ತಿಗೆ, ಅಂದರೆ ಸರಿಯಾಗಿ ತಮಗೆ ಆ ಮೀನು ಸಿಕ್ಕ ಹೊತ್ತಿಗೆ. ಬಿಸಿಲಿಳಿದರೂ ನೀರು ಕೂಡಲೇ ತಣಿಯುವುದಿಲ್ಲ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಬೇಸಿಗೆಯಲ್ಲಿ ಕೆಲವು ನದಿಗಳು ಕಾದಾಗ ಮಧ್ಯಾಹ್ನ 2 ಗಂಟೆಯಿಂದ ಮಧ್ಯರಾತ್ರಿಯವರೆಗೆ ಮೀನು ಹಿಡಿಯುವುದನ್ನು ನಿಲ್ಲಿಸುವ ಕ್ರಮವಿರುವುದು ಇದೇ ಕಾರಣಕ್ಕೆ. ಬೇಸಿಗೆಯಲ್ಲಿ ಬೆಳಕು ಹರಿಯುವಾಗ ಹೋಗಿ, ಹತ್ತು ಗಂಟೆಯೊಳಗೆ ಮುಗಿಸಿ.

'ತಣ್ಣೀರು' ಅವರು 20 ದಾಟಿದರೆ ಕೋಲು ಮಡಚುವೆನೆಂದರು. ಹಿಡಿದು ಬಿಡುವವರಿಗೆ ನಾನು 18 ಎನ್ನುತ್ತೇನೆ, ಎತ್ತರದ ನೀರಿನಲ್ಲಂತೂ ಖಂಡಿತ. ಮುಳ್ಳನ್ನು ಅದುಮಿ ಚಪ್ಪಟೆ ಮಾಡಿದ ಗಾಳ, ಬೇಗ ದಡಕ್ಕೆ ತರಬಲ್ಲ ಗಟ್ಟಿ ನೂಲು, ಒದ್ದೆ ಮಾಡಿಕೊಂಡ ಕೈ, ಮೀನು ನೀರಿನಲ್ಲೇ ಇರುವಂತೆ ಬಿಡಿಸುವುದು: ಇಷ್ಟನ್ನು ತಪ್ಪಿಸಬೇಡಿ. ಬಿಡುವಾಗ ಹರಿವಿಗೆ ಎದುರಾಗಿ ಮೂತಿ ಇರುವಂತೆ ಎರಡೂ ಕೈಯಲ್ಲಿ ಸಡಿಲವಾಗಿ ಹಿಡಿದುಕೊಳ್ಳಿ. ಅದು ತಾನಾಗಿ ಬಾಲ ಬೀಸಿ ಬೆರಳುಗಳ ನಡುವಿನಿಂದ ಹೊರಡುವವರೆಗೆ ಕಾಯಿರಿ.

ಇನ್ನೊಂದು ಮಾತು. ಹೊಳೆಗೆ ಅಣೆಕಟ್ಟು ಇದ್ದು ತಳದಿಂದ ನೀರು ಬಿಡುತ್ತಿದ್ದರೆ ಇಲ್ಲಿ ಹೇಳಿದ ಋತುಮಾನವೆಲ್ಲ ಬದಲಾಗುತ್ತದೆ; ಅದರ ಕೆಳಗಿನ ಕೆಲವು ಕಿಲೋಮೀಟರು ನಡುಬೇಸಿಗೆಯಲ್ಲೂ ತಣ್ಣಗಿರುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟುವುದೂ ಇಲ್ಲ.

ಪ್ರಶ್ನೆ ಕೇಳಿದವರು: ಗಾಳದಕೋಲು

ಮೂವರಿಗೂ ಮನಸಾರೆ ವಂದನೆಗಳು. ಹೌದು, ಅದನ್ನು ಎತ್ತಿ ನೋಡಿದ್ದೆ. ಚುಕ್ಕೆಗಳ ಸುತ್ತಲಿನ ತಿಳಿ ಉಂಗುರಗಳು ಅಷ್ಟು ಚೆನ್ನಾಗಿ ಕಂಡಿದ್ದವು. ಎಷ್ಟು ಹೊತ್ತು ಎತ್ತಿ ಹಿಡಿದಿದ್ದೆನೆಂದು ಈಗ ನೆನಪಿಸಿಕೊಂಡರೆ ಸಂಕಟವಾಗುತ್ತದೆ. ಇನ್ನು ಮುಂದೆ ಹಾಗೆ ಮಾಡುವುದಿಲ್ಲ.

ಈ ವರ್ಷ ಗಡ್ಡೆ ಬಿಡುವ ಹೊತ್ತಿಗೆ ಹೊರಡಲು ನನಗೆ ಬಿಡುವಿಲ್ಲ; ಶರತ್ಕಾಲದಲ್ಲಿ ಮಾತ್ರ ಒಂದು ವಾರ ಸಿಗುತ್ತದೆ. ರಾತ್ರಿ ಚಳಿ ಹಿಡಿದು ನೀರು ಮತ್ತೆ ತಣಿಯುವ ಆ ದಿನಗಳು ಹೇಗಿರುತ್ತವೆ? ಬ್ರೌನ್ ಟ್ರೌಟ್ ಮೊಟ್ಟೆಯಿಡುವುದು ಆಗಲೇ ಎಂದು ಕೇಳಿದ್ದೇನೆ, ಹಾಗಿದ್ದರೆ ಹೋಗುವುದೇ ತಪ್ಪೇ?

ಉತ್ತರ: ನೊರಜುಗಲ್ಲು

ಹೋಗುವುದು ತಪ್ಪಲ್ಲ, ಎಲ್ಲಿ ನಿಲ್ಲುತ್ತೀರಿ, ಎಲ್ಲಿ ಕಾಲಿಡುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಆ ಹೊಳೆಯಲ್ಲಿ ಆ ತಿಂಗಳು ಹಿಡಿಯಲು ಅನುಮತಿ ಇದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ, ಏಕೆಂದರೆ ಬಹಳ ಕಡೆ ಮೊಟ್ಟೆಯಿಡುವ ಕಾಲಕ್ಕೆಂದೇ ಹೊಳೆಯನ್ನು ಮುಚ್ಚುತ್ತಾರೆ. ಭೂಮಿಯ ದಕ್ಷಿಣಾರ್ಧದ ಬರಹಗಳನ್ನು ಓದುವಾಗಲೂ ಎಚ್ಚರವಿರಲಿ: ನ್ಯೂಜಿಲೆಂಡಿನ ಹಲವು ನದಿಗಳಲ್ಲಿ ಟ್ರೌಟ್ ಋತು ಅಕ್ಟೋಬರ್ 1ಕ್ಕೆ ತೆರೆದು ಏಪ್ರಿಲ್ ಕೊನೆಗೆ ಮುಚ್ಚುತ್ತದೆ; ಅಲ್ಲಿನ ಅಕ್ಟೋಬರ್ ಎಂದರೆ ವಸಂತ.

ಶರತ್ಕಾಲದ ಮೊದಲ ವಾರಗಳು ನನ್ನ ಮಟ್ಟಿಗೆ ಹೊಳೆಯ ಅತ್ಯುತ್ತಮ ಕಾಲ. ನೀರು ಕಡಿಮೆ, ತಿಳಿ, ಮತ್ತೆ 10ರಿಂದ 14 ಡಿಗ್ರಿಗೆ ಇಳಿದಿರುತ್ತದೆ. ಮೀನು ಚಳಿಗಾಲಕ್ಕೆ ಮೈ ತುಂಬಿಕೊಳ್ಳುತ್ತಿರುತ್ತದೆ. ಬೇಸಿಗೆಯ ದಿನಚರಿ ಇಲ್ಲಿ ತಲೆಕೆಳಗು: ಮುಂಜಾನೆ ಹೋಗಿ ಚಳಿಯಲ್ಲಿ ನಡುಗುವ ಅಗತ್ಯವಿಲ್ಲ, ಹನ್ನೊಂದರಿಂದ ಮೂರರವರೆಗಿನ ಬಿಸಿಲೇ ಒಳ್ಳೆಯ ಹೊತ್ತು. ಹಿಮ ಬಿದ್ದಿರದಿದ್ದರೆ ದಡದ ಹುಲ್ಲಿನಲ್ಲಿ ಮಿಡತೆಗಳು ಇನ್ನೂ ಉಳಿದಿರುತ್ತವೆ. ಚಳಿಗೆ ಮರಗಟ್ಟಿದ ಅವು ಮಧ್ಯಾಹ್ನ ಮೈ ಬೆಚ್ಚಗಾದೊಡನೆ ಹಾರಲು ಹೋಗಿ ನೀರಿಗೆ ಬೀಳುತ್ತವೆ, ಮತ್ತು ದೊಡ್ಡ ಮೀನುಗಳು ಆ ದಡದಡಿಯಲ್ಲೇ ಕಾದಿರುತ್ತವೆ. ತಿಳಿನೀರಿನಲ್ಲಿ ಮೀನು ತನ್ನ ತಲೆಯ ಮೇಲಿನ ಸುಮಾರು 97 ಡಿಗ್ರಿಯ ಶಂಕುವಿನೊಳಗೆ ದಡದ ಲೋಕವನ್ನೆಲ್ಲ ಕಾಣುತ್ತದೆ; ಎತ್ತರವಾಗಿ ನಿಂತವರು ಬೇಗ ಕಣ್ಣಿಗೆ ಬೀಳುತ್ತಾರೆ. ಅದು ಹರಿವಿಗೆ ಮುಖಮಾಡಿ ನಿಲ್ಲುವುದರಿಂದ ಕೆಳಗಿನಿಂದ ಮೇಲಕ್ಕೆ, ಬಾಗಿ, ನಿಧಾನವಾಗಿ ಬನ್ನಿ.

ಆಮೇಲಿನ ವಾರಗಳಲ್ಲಿ, ನೀರು ಹತ್ತು ಡಿಗ್ರಿಗಿಂತ ಕೆಳಗಿಳಿದಂತೆ, ಬ್ರೌನ್ ಟ್ರೌಟ್ ಮೇಲಿನ ತೊರೆಗಳತ್ತ ಹೊರಡುತ್ತದೆ. ಮಡುವಿನ ನೀರು ತೆಳುವಾಗಿ ಹೊರಚೆಲ್ಲುವ ಬಾಲದ ಭಾಗದಲ್ಲಿ ಹೆಣ್ಣು ಮೀನು ಪಕ್ಕಕ್ಕೆ ಹೊರಳಿ ಬಾಲದಿಂದ ಬಡಿದು ಬಡಿದು ನೊರಜುಗಲ್ಲಿನಲ್ಲಿ ಗುಂಡಿ ತೋಡಿ, ಮೊಟ್ಟೆಯಿಟ್ಟು, ಮೇಲಿನ ಕಲ್ಲನ್ನು ಸಡಿಲಿಸಿ ಅದನ್ನು ಮುಚ್ಚುತ್ತದೆ. ಸುತ್ತಲಿನ ಕಲ್ಲುಗಳೆಲ್ಲ ಪಾಚಿ ಹಿಡಿದು ಕಂದಾಗಿದ್ದಾಗ ಆ ಜಾಗ ಮಾತ್ರ ತಿಕ್ಕಿ ತೊಳೆದಂತೆ ಬೆಳ್ಳಗೆ ಕಾಣುತ್ತದೆ: ಮೇಲುಗಡೆ ಒಂದು ತಗ್ಗು, ಅದರ ಕೆಳಗೆ ಒಂದು ಸಣ್ಣ ದಿಬ್ಬ. ಮೊಟ್ಟೆಗಳಿರುವುದು ಆ ದಿಬ್ಬದೊಳಗೆ. ದಾಟಲು ಅನುಕೂಲವಾದ, ಕಾಲಿಗೆ ಮೆತ್ತನೆಯ ಜಾಗವೂ ಅದೇ ಆಗಿರುವುದರಿಂದ ಎಷ್ಟೋ ಜನ ತಿಳಿಯದೆ ಅದರ ಮೇಲೆಯೇ ನಡೆದುಬಿಡುತ್ತಾರೆ. ನೀರು 10 ಡಿಗ್ರಿ ಇದ್ದರೆ ಬ್ರೌನ್ ಟ್ರೌಟಿನ ಮೊಟ್ಟೆ ಒಡೆಯಲು ಸುಮಾರು 40 ದಿನ ಬೇಕು. ಬೆಟ್ಟದ ತೊರೆಯ ನಾಲ್ಕೈದು ಡಿಗ್ರಿಯಲ್ಲಿ ಅದು ಮೂರು ತಿಂಗಳ ಆಸುಪಾಸು. ಒಡೆದ ಮೇಲೂ ಮರಿ ತನ್ನ ಹಳದಿ ಚೀಲ ಕರಗುವವರೆಗೆ ಕಲ್ಲುಗಳ ಸಂದಿಯಲ್ಲೇ ಇರುತ್ತದೆ. ಹೀಗಾಗಿ ಚಳಿಗಾಲ ಮುಗಿದು ವಸಂತ ಬಂದ ಮೇಲೂ ಆ ದಿಬ್ಬ ಖಾಲಿಯಾಗಿದೆಯೆಂದು ತಿಳಿಯಬೇಡಿ.

ತಮ್ಮ ವಾರ ಮೊಟ್ಟೆಯಿಡುವ ಕಾಲಕ್ಕೇ ಬಿದ್ದರೆ ಹೊಳೆಯನ್ನು ಬಿಟ್ಟು ಕೆರೆಗೆ ಹತ್ತಿ. ಅಲ್ಲಿರುವ ರೇನ್‌ಬೋಗಳಿಗೆ ಅದು ಮೊಟ್ಟೆಯ ಕಾಲವಲ್ಲ. ಮೇಲ್ಪದರ ತಣಿದು ಕೆರೆ ಎರಡನೆಯ ಸಲ ಮಗುಚುವ ಆ ದಿನಗಳಲ್ಲಿ ಅವು ಮತ್ತೆ ಅಂಚಿನ ನೀರಿಗೆ ಬಂದಿರುತ್ತವೆ. ಹೊಳೆಯ ದಡದಲ್ಲೇ ಹಾದು ಹೋಗಬೇಕಾಗಿ ಬಂದರೆ ಮಡುವಿನ ಬಾಲದಲ್ಲಿ ದಾಟದೆ, ಒಂದು ಕಾಲು ಗಂಟೆ ಹೆಚ್ಚು ಹಿಡಿದರೂ, ದೊಡ್ಡ ಬಂಡೆಗಳಿರುವ ಕಡೆ ದಾಟಿ.